ಹುಲ್ಲಿನಲ್ಲಿ ಸುತ್ತಿದ ಅರಮನೆ

ತೈಪೆಯ ಶಿಲಿನ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ಬಸ್ ಹತ್ತಿದರೆ ಸ್ವಲ್ಪ ಹೊತ್ತಿಗೇ ಪೇಟೆಯ ಗದ್ದಲ ಹಿಂದೆ ಬಿದ್ದು ಗುಡ್ಡ ಶುರುವಾಗುತ್ತದೆ. ಹಸಿರು ಗುಡ್ಡದ ಬುಡದಲ್ಲಿ ಹಸಿರು ಹೆಂಚಿನ, ತೆಳು ಹಳದಿ ಗೋಡೆಯ ದೊಡ್ಡ ಕಟ್ಟಡ. ಎದುರಿಗೆ ಬಿಳಿಯ ಮಹಾದ್ವಾರ, ಅದರ ಮೇಲೆ ನಾಲ್ಕು ಅಕ್ಷರ. ‘ಲೋಕ ಎಲ್ಲರದ್ದು’ ಎಂದು ಅದರ ಅರ್ಥವಂತೆ. ಇದು ನ್ಯಾಷನಲ್ ಪ್ಯಾಲೇಸ್ ಮ್ಯೂಸಿಯಂ. ಚೀನಾದ ಚಕ್ರವರ್ತಿಗಳು ಕೂಡಿಟ್ಟಿದ್ದ ಸಂಪತ್ತಿನಲ್ಲಿ ಒಳ್ಳೆಯ ಒಂದು ಪಾಲು, ಹೆಚ್ಚುಕಡಿಮೆ ಏಳು ಲಕ್ಷ ವಸ್ತುಗಳು ಇಲ್ಲಿವೆ. ಕಣ್ಣಿಗೆ ಬೀಳುವುದು ಅದರಲ್ಲಿ ಕೆಲವೇ ಸಾವಿರ. ಉಳಿದದ್ದು ಹಿಂದಿನ ಗುಡ್ಡದೊಳಗೆ ಕೊರೆದ ಸುರಂಗದ ಉಗ್ರಾಣಗಳಲ್ಲಿ, ಹದವಾದ ತಂಪಿನಲ್ಲಿ ಮಲಗಿರುತ್ತದೆ.

ಆಫೀಸಿನ ಕೆಲಸದ ಮೇಲೆ ಮೂರು ವಾರ ಶಿಂಚು ಊರಿನಲ್ಲಿದ್ದೆ. ಚಿಪ್ ಕಾರ್ಖಾನೆಗಳ ಊರು ಅದು, ಬೆಂಗಳೂರಿನಿಂದ ಹೋಗಿಬರುವವರು ಬಹಳ. ಎರಡು ಭಾನುವಾರ ಬಿಡುವು ಸಿಕ್ಕಿತು, ಎರಡನ್ನೂ ಇಲ್ಲಿಯೇ ಕಳೆದೆ. ಮೊದಲ ಭಾನುವಾರ ಎಲ್ಲರೂ ನೋಡುವುದನ್ನು ನೋಡಿದೆ. ಎರಡನೆಯ ಭಾನುವಾರ ಬೇರೆಯೇ ಮನಸ್ಸು ಹೊತ್ತು ಹೋದೆ. ಬರೆಯಬೇಕೆನಿಸಿದ್ದು ಆ ಎರಡನೆಯ ಭಾನುವಾರದ ಬಗ್ಗೆ.

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೂರನೆಯ ಮಹಡಿಯಲ್ಲಿ ಒಂದು ಎಲೆಕೋಸಿದೆ. ಹಸಿರುಗಲ್ಲಿನಲ್ಲಿ ಕಡೆದದ್ದು, ಎತ್ತರ 18.7 ಸೆಂಟಿಮೀಟರ್, ನಮ್ಮ ಗೇಣಿಗಿಂತ ಚೂರು ಕಮ್ಮಿ. ದಂಟು ಬೆಳ್ಳಗೆ, ಎಲೆ ಹಸಿರು, ಎಲೆಯ ತುದಿಯಲ್ಲಿ ಎರಡು ಮಿಡತೆ. ಅದನ್ನು ನೋಡಲು ಸರದಿ ನಿಲ್ಲಬೇಕು. ಕಲ್ಲಿನಲ್ಲಿ ಮೊದಲೇ ಬಿರುಕುಗಳಿದ್ದವು, ಬಣ್ಣವೂ ಅರ್ಧ ಬಿಳಿ ಅರ್ಧ ಹಸಿರು. ಬಳೆಗೂ ಬಟ್ಟಲಿಗೂ ಒದಗದ ಕಲ್ಲು. ಆ ಕುಶಲಕರ್ಮಿ ಬಿರುಕನ್ನೇ ಎಲೆಯ ನರ ಮಾಡಿದ, ಬಣ್ಣದ ಎರಡು ಪಾಲನ್ನೇ ದಂಟು ಮತ್ತು ಎಲೆ ಮಾಡಿದ. ಅವನ ಹೆಸರು ಯಾರಿಗೂ ತಿಳಿಯದು. ಬೀಜಿಂಗಿನ ಅರಮನೆಯಲ್ಲಿ ಗುವಾಂಗ್‌ಶು ಚಕ್ರವರ್ತಿಯ ರಾಣಿಯರಲ್ಲಿ ಒಬ್ಬಳ ಕೋಣೆಯಲ್ಲಿ ಇದು ಇತ್ತು. ಅವಳ ತವರಿನ ಬಳುವಳಿ ಇರಬೇಕೆಂದು ನಂಬಿಕೆ.

ಎಲೆಕೋಸಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ದೋಣಿ. ಒಂದೇ ಒಂದು ಆಲಿವ್ ಓಟೆಯಲ್ಲಿ ಕೆತ್ತಿದ್ದು, 3.4 ಸೆಂಟಿಮೀಟರ್ ಉದ್ದ, 1.6 ಎತ್ತರ. ಚೆನ್ ಜುಜಾಂಗ್ ಎಂಬವನು 1737ರಲ್ಲಿ ಮಾಡಿದ. ಎದುರಿಗೆ ಭೂತಗನ್ನಡಿ ಇಟ್ಟಿದ್ದಾರೆ. ಬಗ್ಗಿ ನೋಡಿದರೆ ದೋಣಿಯಲ್ಲಿ ಎಂಟು ಜನ. ಕಿಟಕಿಗಳಿಗೆ ಬಾಗಿಲು, ಅವು ತೆರೆದು ಮುಚ್ಚುವ ಬಾಗಿಲುಗಳು. ಒಳಗೆ ಮೇಜು, ಮೇಜಿನ ಮೇಲೆ ಪಾತ್ರೆ. ದೋಣಿಯ ತಳದಲ್ಲಿ ಸು ಶಿ ಎಂಬ ಹಳೆಯ ಕವಿಯ ಪದ್ಯ, ಮುನ್ನೂರಕ್ಕೂ ಹೆಚ್ಚು ಅಕ್ಷರ. ಬೆಳದಿಂಗಳಿನಲ್ಲಿ ಗೆಳೆಯರ ಜೊತೆ ಕೆಂಪು ಬಂಡೆಯ ಕೆಳಗೆ ದೋಣಿಯಲ್ಲಿ ಹೋದ ಒಂದು ರಾತ್ರಿಯ ಪದ್ಯ. ಪದ್ಯವೂ ದೋಣಿಯೂ ಗೆಳೆಯರೂ ಸೇರಿ ಒಂದು ಮುಷ್ಟಿಯಲ್ಲಿ ಕಾಣದೆ ಹೋಗುವಷ್ಟು.

ಅಲ್ಲಿ ಬಗ್ಗಿ ನಿಂತಿದ್ದಾಗಲೇ ಆ ಪ್ರಶ್ನೆ ಬಂದದ್ದು. ಇಷ್ಟು ಸಣ್ಣದನ್ನು, ಆ ಕಿಟಕಿ ಬಾಗಿಲಿನ ಸಮೇತ, ಬೀಜಿಂಗಿನಿಂದ ಇಲ್ಲಿಯವರೆಗೆ ಯಾರು ತಂದರು? ಹೇಗೆ ಕಟ್ಟಿದರು?

ಈ ಪ್ರಶ್ನೆ ನನಗೆ ಬರಲು ನಮ್ಮ ಮನೆಯಲ್ಲೇ ಕಾರಣವಿದೆ. ನಮ್ಮದು ಮುಳುಗಡೆಯ ಕುಟುಂಬ. ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟೆ ಕಟ್ಟಿದಾಗ ಅಜ್ಜನ ಮನೆ, ತೋಟ, ಗದ್ದೆ ಎಲ್ಲ ನೀರಿನೊಳಗೆ ಹೋಯಿತು. ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಸಾಮಾನು ಕಟ್ಟಿದ ಆ ದಿನಗಳ ಬಗ್ಗೆ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ಬಾಗಿಲವಾಡ ಕಿತ್ತು ತಂದರಂತೆ, ಬೀಸುವ ಕಲ್ಲು ಬಿಟ್ಟು ಬಂದರಂತೆ. ಉಪ್ಪಿನಕಾಯಿಯ ಎರಡು ಭರಣಿಗಳನ್ನು ಮಾತ್ರ ಅವಳು ಯಾರ ಕೈಗೂ ಕೊಡಲಿಲ್ಲ. ಗೋಣಿಚೀಲದಲ್ಲಿ ಭತ್ತದ ಹುಲ್ಲು ಒತ್ತಿ, ನಡುವೆ ಭರಣಿ ಕೂರಿಸಿ, ಸುತ್ತ ಮತ್ತೆ ಹುಲ್ಲು ತುರುಕಿ, ಲಾರಿಯಲ್ಲಿ ಕಾಲಿನ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದಳು. “ಬಿದ್ದರೆ ಒಡೆಯುತ್ತೆ ಅಂತ ಎಲ್ಲರೂ ಹೆದರ್ತಾರೆ. ಒಡೆಯೋದು ಅಲ್ಲಾಡಿದ್ರೆ” ಎನ್ನುತ್ತಿದ್ದಳು. ತೈಪೆಯ ಈ ಕಟ್ಟಡ ಬಾಗಿಲು ತೆರೆದದ್ದು 1965ರ ನವೆಂಬರಿನಲ್ಲಿ. ಅಲ್ಲಿ ನಮ್ಮ ಮನೆಯವರು ಹೊಸ ಜಾಗದಲ್ಲಿ ಬಾವಿ ತೋಡುತ್ತಿದ್ದ ಹೊತ್ತಿಗೆ ಇಲ್ಲಿ ಪೆಟ್ಟಿಗೆಗಳು ಬಿಚ್ಚಿಕೊಳ್ಳುತ್ತಿದ್ದವು. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ನನಗೆ ಗೊತ್ತು. ಆದರೂ ಆ ವಾರವಿಡೀ ಶಿಂಚುವಿನ ಹೋಟೆಲ್ ಕೋಣೆಯಲ್ಲಿ ಕೂತು ಈ ಪೆಟ್ಟಿಗೆಗಳ ಕಥೆಯನ್ನು ಹುಡುಕಿ ಹುಡುಕಿ ಓದಿದೆ.

ಕೊನೆಯ ಚಕ್ರವರ್ತಿ ಪುಯಿಯನ್ನು ಅರಮನೆಯಿಂದ ಹೊರಗೆ ಕಳಿಸಿದ್ದು 1924ರ ನವೆಂಬರಿನಲ್ಲಿ. ಆಮೇಲೆ ಕೋಣೆ ಕೋಣೆಗೆ ಹೋಗಿ ಪಟ್ಟಿ ಮಾಡಲು ಕೆಲವು ಯುವಕರನ್ನು ನೇಮಿಸಿದರು. ಆ ಪಟ್ಟಿಗೆ ಕೂತವರಲ್ಲಿ ಜುವಾಂಗ್ ಯಾನ್, ನಾ ಜಿಲಿಯಾಂಗ್ ಎಂಬ ಇಬ್ಬರಿದ್ದರು. ಆಗಷ್ಟೇ ಓದು ಮುಗಿಸಿದ ಹುಡುಗರು. 1925ರ ಅಕ್ಟೋಬರ್ 10ರಂದು ಅರಮನೆ ಮ್ಯೂಸಿಯಂ ಆಗಿ ತೆರೆಯಿತು. ಅಲ್ಲಿಯವರೆಗೆ ಊರಿನ ಜನ ಹೊರಗಿನ ಗೋಡೆಯನ್ನಷ್ಟೇ ನೋಡಿದ್ದ ಜಾಗ ಅದು. ಮೊದಲ ಸಲ ಅವರು ಒಳಗೆ ಕಾಲಿಟ್ಟರು.

1931ರಲ್ಲಿ ಜಪಾನಿನ ಸೇನೆ ಮಂಚೂರಿಯಾಕ್ಕೆ ನುಗ್ಗಿತು. ಬೀಜಿಂಗ್ ಕೈತಪ್ಪುವ ಭಯ. ವಸ್ತುಗಳನ್ನು ದಕ್ಷಿಣಕ್ಕೆ ಸಾಗಿಸಬೇಕೆಂದು ತೀರ್ಮಾನವಾಯಿತು. ಆದರೆ ಪಿಂಗಾಣಿ ಕಟ್ಟುವುದನ್ನು ಮ್ಯೂಸಿಯಂನವರಿಗೆ ಯಾರು ಕಲಿಸಿದ್ದರು? ಹಳೆಯ ಸಾಮಾನು ಮಾರುವ ಪೇಟೆಯ ಅಂಗಡಿಯವರನ್ನು ಕರೆಸಿ ಅವರ ಕೈಕೆಲಸ ನೋಡಿ ಕಲಿತರು. ಹತ್ತಿ, ಕಾಗದ, ಹುಲ್ಲಿನ ಹಗ್ಗ, ಪೆಟ್ಟಿಗೆಯ ಸಂದುಗೊಂದಿಯಲ್ಲೆಲ್ಲ ಭತ್ತದ ಹುಲ್ಲು. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ಚಕ್ರವರ್ತಿಯ ಹೂದಾನಿಗೂ ಅಜ್ಜಿಯ ಭರಣಿಗೂ ಒಂದೇ ಹುಲ್ಲು.

1933ರ ಫೆಬ್ರವರಿಯ ಒಂದು ರಾತ್ರಿ ಮೊದಲ ರೈಲು ಹೊರಟಿತು. ಆ ವರ್ಷ ಹೋದದ್ದು ಅರಮನೆಯ ಪೆಟ್ಟಿಗೆಗಳೇ 13,000ಕ್ಕೂ ಹೆಚ್ಚು. ಷಾಂಘೈಗೆ, ಅಲ್ಲಿಂದ ನಾನ್‌ಜಿಂಗಿಗೆ. 1937ರಲ್ಲಿ ನಾನ್‌ಜಿಂಗಿನ ಮೇಲೂ ದಾಳಿ. ಪೆಟ್ಟಿಗೆಗಳು ಮೂರು ದಾರಿ ಹಿಡಿದು ಪಶ್ಚಿಮದ ಗುಡ್ಡಗಾಡಿಗೆ ಓಡಿದವು. ನಡುವಿನ ದಾರಿಯಲ್ಲಿ 9,000ಕ್ಕೂ ಹೆಚ್ಚು ಪೆಟ್ಟಿಗೆ ನದಿಯ ಮೇಲೆ ದೋಣಿಗಳಲ್ಲಿ ಹೋದವು, ಕೊನೆಗೆ ಲೆಶಾನ್ ಹತ್ತಿರದ ಹಳ್ಳಿಯ ಮನೆತನಗಳ ಪಿತೃಮಂದಿರಗಳಲ್ಲಿ ಉಳಿದವು. ಉತ್ತರದ ದಾರಿಯಲ್ಲಿ ನಾ ಜಿಲಿಯಾಂಗ್ ಇದ್ದ. 7,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಲಾರಿಗಳಲ್ಲಿ ಚಿನ್‌ಲಿಂಗ್ ಪರ್ವತ ದಾಟಿಸಿದರು, ಅದೂ ಚಳಿಗಾಲದ ಹಿಮದಲ್ಲಿ. ಆ ಸಾಮಾನಿನಲ್ಲಿ ಹತ್ತು ಕಲ್ಲಿನ ಡೋಲುಗಳೂ ಇದ್ದವು. ಒಂದೊಂದೂ ಒಂದು ಟನ್ ಹತ್ತಿರ, ಮೇಲೆ ಎರಡು ಸಾವಿರ ವರ್ಷ ದಾಟಿದ ಬರಹ, ಅಕ್ಷರದ ಅಂಚು ಉದುರುವ ಸ್ಥಿತಿ. ಅಕ್ಷರದ ಮೇಲೆ ಕಾಗದ ಒತ್ತಿ, ಹತ್ತಿ ಸುತ್ತಿ, ಹಗ್ಗ ಬಿಗಿದು ಬಾಣಂತಿಯನ್ನು ಕರೆದೊಯ್ಯುವಂತೆ ಕರೆದೊಯ್ದರು. ಅವು ಈಗ ಬೀಜಿಂಗಿನಲ್ಲೇ ಇವೆ.

ದಕ್ಷಿಣದ ದಾರಿಗೆ ಜುವಾಂಗ್ ಯಾನ್. ಅವನ ವಶದಲ್ಲಿ ಇದ್ದದ್ದು 80 ಪೆಟ್ಟಿಗೆ ಮಾತ್ರ, ಆದರೆ ಆಯ್ದು ತೆಗೆದ ಮಾಲು. 1935ರ ಚಳಿಗಾಲದಲ್ಲಿ ಲಂಡನ್ನಿನಲ್ಲಿ ನಡೆದ ದೊಡ್ಡ ಚೀನೀ ಕಲಾಪ್ರದರ್ಶನಕ್ಕೆ ಹೋಗಿಬಂದ ವಸ್ತುಗಳು. ಚಾಂಗ್‌ಶಾದಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಟ್ಟಿದ್ದರು. ಅಲ್ಲಿಂದ ಸಾಗಿಸಿದ ಮೇಲೆ ಆ ಗ್ರಂಥಾಲಯಕ್ಕೆ ಬಾಂಬ್ ಬಿತ್ತು. 1939ರಿಂದ ಅನ್‌ಶುನ್ ಎಂಬ ಊರಿನ ಹೊರಗೆ ಒಂದು ಗುಹೆಯಲ್ಲಿ ಇಟ್ಟುಕೊಂಡು ಐದಾರು ವರ್ಷ ಕಾದರು. ಹೆಂಡತಿ ಮಕ್ಕಳು ಜೊತೆಯಲ್ಲಿ. ಗುಹೆಯಲ್ಲಿ ಥಂಡಿ, ಬೂಷ್ಟು ಹಿಡಿಯುವ ಭಯ. ಒಣ ಹವೆ ಇದ್ದ ದಿನಗಳಲ್ಲಿ ಪೆಟ್ಟಿಗೆ ತೆಗೆದು ಚಿತ್ರಗಳಿಗೆ ಗಾಳಿಯಾಡಿಸುತ್ತಿದ್ದರು. ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿ ರೇಷ್ಮೆ ಸೀರೆ, ಓಲೆಗರಿ ಪುಸ್ತಕ ಹೊರಗೆ ಹರವುತ್ತಾರಲ್ಲ, ಹಾಗೆ.

ಇಷ್ಟು ಓದಿಕೊಂಡು ಎರಡನೆಯ ಭಾನುವಾರ ಹೋದೆ. ಅದೇ ಕೋಣೆಗಳು, ಅದೇ ಗಾಜು. ನೋಡುವ ರೀತಿ ಬದಲಾಗಿತ್ತು. ಪ್ರತಿ ವಸ್ತುವಿನ ಮುಂದೆಯೂ ಮನಸ್ಸು ಮೊದಲು ಹುಲ್ಲನ್ನು ಹುಡುಕುತ್ತಿತ್ತು.

ರು ಪಿಂಗಾಣಿಯ ಮುಂದೆ ಬಹಳ ಹೊತ್ತು ನಿಂತೆ. ಉತ್ತರ ಸಾಂಗ್ ಅರಸರ ಕಾಲದಲ್ಲಿ, ಹನ್ನೊಂದನೆಯ ಶತಮಾನದ ಕೊನೆಯಿಂದ ಹನ್ನೆರಡನೆಯ ಶತಮಾನದ ಮೊದಲವರೆಗೆ, ಕೆಲವೇ ವರ್ಷ ಸುಟ್ಟದ್ದು. ಪ್ರಪಂಚದಲ್ಲಿ ಉಳಿದಿರುವುದು ನೂರರೊಳಗೆ, ಅದರಲ್ಲಿ 21 ಇಲ್ಲಿ. ನಾನು ನೋಡಿದ್ದು ಒಂದು ಮೊಟ್ಟೆಯಾಕಾರದ ಅಗಲ ಬಟ್ಟಲು, ನಾಲ್ಕು ಗಿಡ್ಡ ಕಾಲು. ಹೂವಿನ ಗೆಡ್ಡೆ ಇಟ್ಟು ಚಿಗುರಿಸುವ ಪಾತ್ರೆ ಎನ್ನುತ್ತಾರೆ. ರು ಪಿಂಗಾಣಿಯ ಮೆರುಗಿನಲ್ಲಿ ಸಾಮಾನ್ಯವಾಗಿ ಕೂದಲೆಳೆಯ ಬಿರುಕು ಇರುತ್ತದೆ, ಇದರಲ್ಲಿ ಒಂದೂ ಇಲ್ಲ. ಬಣ್ಣಕ್ಕೆ ಚೀನೀಯರು ‘ಮಳೆ ನಿಂತ ಮೇಲಿನ ಆಕಾಶ’ ಎನ್ನುತ್ತಾರೆ. ಮಲೆನಾಡಿನವಳಾಗಿ ಹೇಳುತ್ತೇನೆ, ಆ ಮಾತು ಸರಿಯಾಗಿದೆ. ಆಗಸ್ಟ್ ಕೊನೆಯಲ್ಲಿ ಮಧ್ಯಾಹ್ನ ಒಂದು ಗಳಿಗೆ ಮೋಡ ಸರಿದು ಕಾಣುವ ಆಕಾಶ, ನೀಲಿಯೂ ಅಲ್ಲ ಹಸಿರೂ ಅಲ್ಲ, ಇನ್ನೂ ನೀರಿನ ಪಸೆ ಆರಿರುವುದಿಲ್ಲ. ಅದು. ಪಾತ್ರೆಯ ಅಡಿಯಲ್ಲಿ ಆರು ಚುಕ್ಕಿಗಳಿವೆ, ಎಳ್ಳಿನ ಕಾಳಿನಷ್ಟು. ಮೆರುಗು ಒಲೆಗೆ ಅಂಟಿಕೊಳ್ಳದಿರಲಿ ಎಂದು ಸುಡುವಾಗ ಮೊಳೆಯಂಥ ಆರು ಸಣ್ಣ ಊರೆಗಳ ಮೇಲೆ ನಿಲ್ಲಿಸುತ್ತಿದ್ದರು, ಅದರ ಗುರುತು. ಒಂಬೈನೂರು ವರ್ಷದ ಪಾತ್ರೆಯ ಮೇಲೆ ಒಬ್ಬ ಕುಂಬಾರ ಬಿಟ್ಟ ಬೆರಳಚ್ಚಿನ ಹಾಗೆ ಅನಿಸಿತು.

ಕಂಚಿನ ಪಾತ್ರೆಗಳ ಕೋಣೆಯಲ್ಲಿ ಮಾವೊ ಗೊಂಗ್ ಡಿಂಗ್ ಇದೆ. ಮೂರು ಕಾಲಿನ ಹಂಡೆ, 53.8 ಸೆಂಟಿಮೀಟರ್ ಎತ್ತರ, ಇಂದಿಗೆ ಸುಮಾರು 2,800 ವರ್ಷ. ಹೊರಗೆ ಅಲಂಕಾರ ಅಷ್ಟಕ್ಕಷ್ಟೆ. ವಿಶೇಷ ಇರುವುದು ಒಳಗೆ. ಹೊಟ್ಟೆಯ ಒಳಗೋಡೆಯಲ್ಲಿ ಹೆಚ್ಚುಕಡಿಮೆ 500 ಅಕ್ಷರಗಳ ಶಾಸನ. ಕಂಚಿನ ಮೇಲಿನ ಚೀನೀ ಶಾಸನಗಳಲ್ಲಿ ಇದಕ್ಕಿಂತ ಉದ್ದದ್ದು ಸಿಕ್ಕಿಲ್ಲ. ರಾಜ ತನ್ನ ಹಿರಿಯ ಬಂಧುವಾದ ಮಾವೊ ಎಂಬವನಿಗೆ ಅಧಿಕಾರ ಒಪ್ಪಿಸುತ್ತಾ ಹೇಳಿದ ಮಾತುಗಳು ಅವು. ರಾಜ್ಯ ಕಷ್ಟದಲ್ಲಿದೆ ಎಂದು ಒಪ್ಪಿಕೊಳ್ಳುತ್ತಾನೆ. ದಿಕ್ಕಿಲ್ಲದ ವಿಧವೆ ವಿಧುರರನ್ನು ಪೀಡಿಸಬೇಡ, ಕುಡಿತದಲ್ಲಿ ಮುಳುಗಬೇಡ ಎನ್ನುತ್ತಾನೆ. ಕೊನೆಯ ಸಾಲು: ಮಕ್ಕಳು ಮೊಮ್ಮಕ್ಕಳು ಇದನ್ನು ಎಂದೆಂದಿಗೂ ಜೋಪಾನವಾಗಿಟ್ಟು ಬಳಸಲಿ. ಊರ ದೇವಸ್ಥಾನದ ಅಂಗಳದ ಶಾಸನದಲ್ಲಿ ಸೂರ್ಯ ಚಂದ್ರರನ್ನು ಕೆತ್ತಿ, ಆಚಂದ್ರಾರ್ಕ ಎಂದು ಬರೆದದ್ದನ್ನು ನೋಡುತ್ತ ಬೆಳೆದವರಿಗೆ ಈ ಸಾಲು ಪರಕೀಯ ಅನಿಸುವುದಿಲ್ಲ. ಕೈ ಗಾಜಿನ ಹತ್ತಿರ ಹೋಗಿಬಿಟ್ಟಿತು.

ಈ ಹಂಡೆ ಅರಮನೆಯದಲ್ಲ. 1843ರಲ್ಲಿ ಶಾನ್‌ಶಿ ಪ್ರಾಂತ್ಯದಲ್ಲಿ ಮಣ್ಣಿನಿಂದ ಎದ್ದು ಬಂದು ಕೈಯಿಂದ ಕೈಗೆ ದಾಟಿತ್ತು. ಯುದ್ಧದ ಕಾಲಕ್ಕೆ ಯೆ ಗೊಂಗ್‌ಚುವೊ ಎಂಬವನ ವಶದಲ್ಲಿ ಷಾಂಘೈಯಲ್ಲಿ ಅಡಗಿತ್ತು. ಜಪಾನಿ ಮಿಲಿಟರಿ ಪೊಲೀಸರಿಗೆ ಸುಳಿವು ಸಿಕ್ಕಿತು. ಅವನ ಅಣ್ಣತಮ್ಮಂದಿರ ಮಗ ಯೆ ಗೊಂಗ್‌ಚಾವ್‌ನನ್ನು ಹಿಡಿದು ಹೊಡೆದರು. ಅವನು ಬಾಯಿ ಬಿಡಲಿಲ್ಲ. ಕೊನೆಗೆ ನಕಲಿ ಹಂಡೆಯೊಂದನ್ನು ಮಾಡಿಸಿ ಒಪ್ಪಿಸಿ ಅವನನ್ನು ಬಿಡಿಸಿಕೊಂಡರು. ಜೋಪಾನವಾಗಿಡಿ ಎಂದು ರಾಜ ಬರೆಸಿದ ಮಾತನ್ನು ಒಬ್ಬ ಮನುಷ್ಯ ಮೈಮೇಲೆ ಏಟು ತಿಂದು ಪಾಲಿಸಿದ.

ಇಲ್ಲಿಯವರೆಗೆ ನಾನು ಹೊತ್ತು ಸಾಗಿಸಿದವರನ್ನು ಬರೀ ಮೆಚ್ಚಿ ಬರೆಯುತ್ತಾ ಬಂದೆ. ಆದರೆ 1948ರ ಡಿಸೆಂಬರಿಗೆ ಬಂದಾಗ ಮನಸ್ಸು ಅಷ್ಟು ಸಲೀಸಾಗಿ ಮುಂದೆ ಹೋಗುವುದಿಲ್ಲ. ಜಪಾನ್ ಸೋತು ಪೆಟ್ಟಿಗೆಗಳು ನಾನ್‌ಜಿಂಗಿಗೆ ಮರಳಿದ್ದವು. ಅಷ್ಟರಲ್ಲಿ ಕಮ್ಯುನಿಸ್ಟರೊಡನೆ ಅಂತರ್ಯುದ್ಧ. ಸೋಲುತ್ತಿದ್ದ ರಾಷ್ಟ್ರೀಯ ಸರ್ಕಾರ ಆಯ್ದ ಪೆಟ್ಟಿಗೆಗಳನ್ನು ತೈವಾನಿಗೆ ಕಳಿಸಿತು. ಮೂರು ಹಡಗುಗಳಲ್ಲಿ ಬಂದ ಅರಮನೆಯ ಪೆಟ್ಟಿಗೆಗಳು 2,972, ಅಂದರೆ 1933ರಲ್ಲಿ ಬೀಜಿಂಗ್ ಬಿಟ್ಟದ್ದರ ಐದನೆಯ ಒಂದು ಪಾಲಿಗಿಂತ ಚೂರು ಹೆಚ್ಚು. ಮೊದಲ ಹಡಗು ಝೊಂಗ್‌ಡಿಂಗ್. ಹಡಗು ತೈವಾನಿಗೆ ಹೋಗುತ್ತದೆ ಎಂಬ ಸುದ್ದಿ ಹಬ್ಬುತ್ತಲೇ ನೌಕಾದಳದವರ ಹೆಂಡತಿ ಮಕ್ಕಳು ಗಂಟುಮೂಟೆ ಸಮೇತ ಹತ್ತಿ ಕೂತರು. ಸೇನಾಧಿಪತಿ ಬಂದು ಸಮಾಧಾನ ಹೇಳಿ ಇಳಿಸಿದ, ಪೆಟ್ಟಿಗೆಗಳು ಹತ್ತಿದವು. ಮೂರನೆಯ ಹಡಗು ಕುನ್‌ಲುನ್. ಅಲ್ಲಿಯೂ ಅದೇ ಕಥೆ, ಆದರೆ ಅವರ ಅಳು ನೋಡಿ ಈ ಸಲ ಸೇನಾಧಿಪತಿಗೆ ಇಳಿಸಲಾಗಲಿಲ್ಲ. ಜನರೂ ಪೆಟ್ಟಿಗೆಗಳೂ ಒಟ್ಟಿಗೆ ಹೊರಟರು. ಊಟದ ಕೋಣೆಯಲ್ಲೂ ಪೆಟ್ಟಿಗೆ ಇಟ್ಟರು. ಜಾಗ ಸಾಲದೆ ನೂರಾರು ಪೆಟ್ಟಿಗೆ ಧಕ್ಕೆಯ ಮೇಲೆಯೇ ಉಳಿದವು.

ಮೊದಲ ಹಡಗಿನಿಂದ ಇಳಿದವರು ಆಮೇಲೆ ಏನಾದರು? ಆ ತಾಯಂದಿರ ಕಂಕುಳಲ್ಲಿದ್ದ ಮಕ್ಕಳು? ಮಿಡತೆಯಿರುವ ಎಲೆಕೋಸು, ಕಿಟಕಿ ತೆರೆಯುವ ದೋಣಿ, ಮಳೆ ನಿಂತ ಆಕಾಶ, ಇವೆಲ್ಲ ಉಳಿಯಲಿ ಎಂದು ಯಾರೋ ಮೆಟ್ಟಿಲು ಇಳಿದು ವಾಪಸ್ಸು ಹೋದರು. ನನಗೆ ಈ ಲೆಕ್ಕ ಚುಕ್ತಾ ಆಗುವುದಿಲ್ಲ. ವಸ್ತುಗಳು ಉಳಿದದ್ದು ಒಳ್ಳೆಯದಾಯಿತು ಎಂದು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಕುನ್‌ಲುನ್ ಹಡಗಿನಲ್ಲಿ ಜನರನ್ನು ಇಳಿಸದೆ ಪೆಟ್ಟಿಗೆ ಬಿಟ್ಟು ಹೋದದ್ದೇ ಸರಿ ಎಂದೂ ಅಷ್ಟೇ ಗಟ್ಟಿಯಾಗಿ ನಂಬುತ್ತೇನೆ.

ಶಿಂಚುವಿನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಹುಡುಗಿಯ ಮನೆಯವರು ಹಲವು ತಲೆಮಾರಿನಿಂದ ತೈವಾನಿನವರು. ಮ್ಯೂಸಿಯಂ ವಿಷಯ ತೆಗೆದಾಗ ಅವಳು ಸ್ವಲ್ಪ ಯೋಚಿಸಿ ಹೇಳಿದಳು: “ಶಾಲೆಯಲ್ಲಿ ಕರೆದುಕೊಂಡು ಹೋಗಿದ್ದರು. ಚೆನ್ನಾಗಿದೆ. ಆದರೆ ನಮ್ಮ ತಾತ ಒಂದು ದಿನವೂ ಹೋಗಲಿಲ್ಲ. ಅದು ಅವರು ಬರುವಾಗ ತಂದದ್ದು ಅಂತಿದ್ದರು.” ಅವರು, ಅಂದರೆ ಸೋತು ಚೀನಾದಿಂದ ಇಲ್ಲಿಗೆ ಬಂದ ಸರ್ಕಾರದವರು, ಬರುವಾಗ ತಂದದ್ದರಲ್ಲಿ ಪಿಂಗಾಣಿ ಮಾತ್ರ ಇರಲಿಲ್ಲ. 1949ರಿಂದ 1987ರವರೆಗೆ ಈ ದ್ವೀಪ ಸೇನಾ ಕಾನೂನಿನ ಅಡಿಯಲ್ಲಿತ್ತು. ಆ ತಾತನ ಮಾತನ್ನು ನಾನು ಗೌರವದಿಂದ ಕೇಳಿಸಿಕೊಂಡೆ. ನೀರಿನಲ್ಲಿ ಮುಳುಗಿದ ಊರಿನವರನ್ನು ಕೂರಿಸಿದ ಹೊಸ ಊರುಗಳಲ್ಲಿ ಮೊದಲೇ ಇದ್ದ ಜನರಿಗೂ ಹೀಗೇ ಅನಿಸಿರಬೇಕು. ನಮ್ಮ ಮನೆಯಲ್ಲಿ ಅದರ ಮಾತು ಬರುತ್ತಲೇ ಇರಲಿಲ್ಲ.

ತೈವಾನಿಗೆ ಬಂದ ಪೆಟ್ಟಿಗೆಗಳು ಮೊದಲು ತೈಚುಂಗಿನ ಸಕ್ಕರೆ ಕಾರ್ಖಾನೆಯ ಗೋದಾಮಿನಲ್ಲಿದ್ದವು. 1950ರಲ್ಲಿ ಹತ್ತಿರದ ವುಫೆಂಗ್‌ನ ಬೇಗೌ ಎಂಬ ಹಳ್ಳಿಗೆ. ಅಲ್ಲಿ ಗುಡ್ಡದ ಪಕ್ಕದ ಉಗ್ರಾಣದಲ್ಲಿ ಹದಿನೈದು ವರ್ಷ. ಆ ಹಳ್ಳಿಯ ಉಗ್ರಾಣದ ದಿನಗಳಲ್ಲಿ ನಡೆದ ಒಂದು ಸಂಗತಿ ಹೇಳಲೇಬೇಕು.

ಫಾನ್ ಕುವಾನ್ ಸಾಂಗ್ ಕಾಲದ ಚಿತ್ರಗಾರ, ಸಾವಿರ ವರ್ಷದ ಹಿಂದಿನವನು. ಅವನ ‘ಬೆಟ್ಟ ಹೊಳೆಗಳ ನಡುವೆ ಪಯಣಿಗರು’ ಎಂಬ ರೇಷ್ಮೆಯ ಚಿತ್ರ ಎರಡು ಮೀಟರಿಗೂ ಎತ್ತರ. ಮೂರರಲ್ಲಿ ಎರಡು ಪಾಲು ಒಂದೇ ಬೆಟ್ಟ. ಬಲಗಡೆ ಕೆಳಮೂಲೆಯಲ್ಲಿ ಹೇರು ಹೊತ್ತ ಹೇಸರಗತ್ತೆಗಳ ಸಣ್ಣ ಸಾಲು, ಹಿಂದೆ ಒಬ್ಬ, ಮುಂದೆ ಒಬ್ಬ. ಚಿತ್ರ ಅವನದ್ದೇ ಎಂದು ಹೇಳಿಕೊಂಡು ಬಂದಿದ್ದರೂ ಅವನ ರುಜು ಎಲ್ಲೂ ಕಂಡಿರಲಿಲ್ಲ. ಚಕ್ರವರ್ತಿಗಳು ನೋಡಿದ್ದರು, ಪಂಡಿತರು ನೋಡಿದ್ದರು. 1958ರಲ್ಲಿ ಲಿ ಲಿನ್‌ಚಾನ್ ಎಂಬ ವಿದ್ವಾಂಸ ಚಿತ್ರವನ್ನು ಅಂಗುಲ ಅಂಗುಲವಾಗಿ ನೋಡುತ್ತಾ ಹೋದ. ಕತ್ತೆಗಳ ಹಿಂದೆ, ಮರದ ಎಲೆಗಳ ಒಳಗೆ, ಎಲೆಯ ಗೆರೆಗಳೇ ಎಂಬಂತೆ ಎರಡು ಅಕ್ಷರ: ಫಾನ್ ಕುವಾನ್. ಚಿತ್ರಗಾರ ತನ್ನ ಹೆಸರನ್ನು ಇಟ್ಟದ್ದು ಬೆಟ್ಟದ ಪಕ್ಕದಲ್ಲಲ್ಲ, ಹೇರು ಹೊತ್ತವರ ಬೆನ್ನ ಹಿಂದೆ.

ಆ ಚಿತ್ರವನ್ನು ನಾನು ನೋಡಲಿಲ್ಲ. ಇಂಥ ಹಳೆಯ ಚಿತ್ರಗಳನ್ನು ಒಮ್ಮೆಗೆ ಕೆಲವೇ ವಾರ ಹೊರಗಿಟ್ಟು ಆಮೇಲೆ ವರ್ಷಗಟ್ಟಲೆ ಕತ್ತಲೆಯಲ್ಲಿ ವಿಶ್ರಾಂತಿ ಕೊಡುತ್ತಾರೆ. ಬೆಳಕು ರೇಷ್ಮೆಯನ್ನು ತಿನ್ನುತ್ತದೆ. ನನ್ನ ಪಾಲಿಗೆ ಸಿಕ್ಕಿದ್ದು ಅಚ್ಚಿನ ಪ್ರತಿ. ಬೇಸರವಾಯಿತು, ಆದರೆ ದೂರುವ ಮನಸ್ಸಾಗಲಿಲ್ಲ. ಗುಹೆಯಲ್ಲಿ ಗಾಳಿಯಾಡಿಸಿದ ಕೈಗಳ ಕೆಲಸವೇ ಅದು, ಮುಂದುವರಿದಿದೆ.

ಹುವಾಂಗ್ ಗೊಂಗ್‌ವಾಂಗ್ 1350ರಲ್ಲಿ, ಎಂಬತ್ತು ದಾಟಿದ ಮೇಲೆ ಮುಗಿಸಿದ ಫುಚುನ್ ಬೆಟ್ಟಗಳ ಸುರುಳಿಯೂ ಇಲ್ಲಿಯದೇ. ಮೂರು ನೂರು ವರ್ಷದ ಮೇಲೆ ಅದರ ಒಡೆಯ ವು ಹೊಂಗ್‌ಯು ಸಾಯುವಾಗ ಪ್ರೀತಿ ತಡೆಯದೆ ಅದನ್ನು ತನ್ನೊಡನೆ ಕಳಿಸಿ ಎಂದು ಬೆಂಕಿಗೆ ಹಾಕಿಸಿದ. ಸೋದರನ ಮಗ ಬೇರೊಂದು ಸುರುಳಿ ಎಸೆದು ಇದನ್ನು ಎಳೆದುಕೊಂಡ. ಅಷ್ಟರಲ್ಲಿ ಸುಟ್ಟು ಎರಡು ತುಂಡಾಗಿತ್ತು. ಆರು ಮೀಟರಿಗೂ ಉದ್ದದ ಒಂದು ತುಂಡು ತೈಪೆಯಲ್ಲಿದೆ, ಅರ್ಧ ಮೀಟರಿನ ಇನ್ನೊಂದು ಹಾಂಗ್‌ಝೌ ನಗರದ ಪ್ರಾಂತೀಯ ಮ್ಯೂಸಿಯಂನಲ್ಲಿ. 2011ರ ಬೇಸಿಗೆಯಲ್ಲಿ ಅದು ಸಮುದ್ರ ದಾಟಿ ಬಂದು ಎರಡೂ ಒಂದೇ ಗಾಜಿನ ಕೆಳಗೆ ಮಲಗಿದವು. ಆಮೇಲೆ ಮತ್ತೆ ಅವರವರ ಮನೆಗೆ.

ಸಂಜೆ ಮ್ಯೂಸಿಯಂನ ಅಂಗಡಿಯಲ್ಲಿ ಒಂದು ಕಾರ್ಡ್ ಕೊಂಡೆ. ವಾಂಗ್ ಶಿಜಿ ಎಂಬ ಮಹಾ ಲಿಪಿಕಾರ ನಾಲ್ಕನೆಯ ಶತಮಾನದಲ್ಲಿ ಗೆಳೆಯನಿಗೆ ಬರೆದ ಕಾಗದ, ಅದರ ಟಾಂಗ್ ಕಾಲದ ಪ್ರತಿ ಇಲ್ಲಿದೆ. ಒಟ್ಟು 28 ಅಕ್ಷರ. ಚಿಯಾನ್‌ಲಾಂಗ್ ಚಕ್ರವರ್ತಿಗೆ ಇದರ ಮೇಲೆ ಪ್ರಾಣ. ಇದನ್ನೂ ವಾಂಗ್ ಮನೆತನದ ಇನ್ನೆರಡು ಬರಹಗಳನ್ನೂ 1746ರಿಂದ ಅರಮನೆಯ ಒಂದು ಪುಟ್ಟ ಕೋಣೆಯಲ್ಲಿ ಇಟ್ಟುಕೊಂಡು ಅದಕ್ಕೆ ‘ಮೂರು ಅಪರೂಪಗಳ ಮನೆ’ ಎಂದು ಹೆಸರಿಟ್ಟ. ಹಿಮ ಬಿದ್ದಾಗ ಈ ಕಾಗದ ತೆಗೆದು ಪಕ್ಕದಲ್ಲಿ ನಾಲ್ಕು ಸಾಲು ಬರೆಯುತ್ತಿದ್ದ. ಹಾಗೆ 70ಕ್ಕೂ ಹೆಚ್ಚು ಸಲ ಬರೆದಿದ್ದಾನೆ.

ಉಳಿದೆರಡು ಬರಹಗಳು ಅರಮನೆಯಿಂದ ಹೊರಗೆ ಹೋಗಿ ಖಾಸಗಿ ಕೈಗಳಲ್ಲಿದ್ದವು. ಜುವಾಂಗ್ ಯಾನ್ ಅವನ್ನು ಕಣ್ಣಾರೆ ಕಂಡಿದ್ದ. ಮೂರನ್ನೂ ಮತ್ತೆ ಒಂದೆಡೆ ಸೇರಿಸಬೇಕೆಂಬುದು ಅವನ ಆಸೆಯಾಗಿತ್ತು. ಹಾಂಗ್‌ಕಾಂಗಿನಲ್ಲಿ ಒತ್ತೆ ಬಿದ್ದಿದ್ದ ಆ ಎರಡನ್ನು 1951ರಲ್ಲಿ ಚೀನಾ ಸರ್ಕಾರ ಕೊಂಡು ಬೀಜಿಂಗಿನ ಅರಮನೆಗೆ ಸೇರಿಸಿತು. ಜುವಾಂಗ್ ಯಾನ್ ಇತ್ತ ಬೇಗೌ ಹಳ್ಳಿಯಲ್ಲಿ, ಆಮೇಲೆ ತೈಪೆಯಲ್ಲಿ ಪೆಟ್ಟಿಗೆಗಳ ಜೊತೆಯೇ ಬಾಳಿದ. 1980ರಲ್ಲಿ ತೀರಿಕೊಂಡ. ಬೀಜಿಂಗಿಗೆ ಮರಳಲೇ ಇಲ್ಲ.

ಬಸ್ಸಿನಲ್ಲಿ ಕೂತು ಕಾರ್ಡ್ ಹಿಂದಿನ ಇಂಗ್ಲಿಷ್ ಅರ್ಥ ಓದಿಕೊಂಡು ಹೋಟೆಲಿಗೆ ಬಂದ ಮೇಲೆ ಕನ್ನಡದಲ್ಲಿ ಬರೆದುಕೊಂಡೆ. ನಮಸ್ಕಾರ ಎಂದು ಶುರು. ದಿಢೀರ್ ಹಿಮ ಬಿದ್ದು ಈಗ ಬಾನು ತಿಳಿಯಾಗಿದೆ, ಸೊಗಸು. ನೀವು ಕ್ಷೇಮ ಎಂದುಕೊಂಡಿದ್ದೇನೆ. ಅಂದುಕೊಂಡದ್ದು ಆಗಲಿಲ್ಲ, ಅದು ಗಂಟಾಗಿ ಉಳಿದಿದೆ.